ನೀರನ್ನರಿತು ಶೋಧಕವನ್ನು ಕೊಳ್ಳಿರಿ

ಮನೆಗೆ ಬಂದವರಿಗೆ ಮೊದಲು ಒಂದು ತಂಬಿಗೆ ನೀರು, ಅನಂತರ ಕುಶಲ ಪ್ರಶ್ನೆ. ಇದು ನಮ್ಮ ನಾಡಿನ ಮನೆಗಳಲ್ಲಿ ಇಂದಿಗೂ ಉಳಿದುಬಂದಿರುವ ನಡವಳಿಕೆ. ಹಾಗೆ ಕೊಡುವ ನೀರು ನಿರ್ಮಲವಾಗಿರಬೇಕೆಂಬ ಕಾಳಜಿಯೂ ಅಷ್ಟೇ ಹಳೆಯದು. ಸೇದಿ ತಂದ ನೀರನ್ನು ಮಡಚಿದ ಬಿಳಿಯ ಬಟ್ಟೆಯಲ್ಲಿ ಸೋಸಿ ಕೊಡಕ್ಕೆ ತುಂಬುವುದು, ಕೆರೆಯ ನೀರಿನಲ್ಲಿ ಪಟಿಕವನ್ನು ಆಡಿಸಿ ರಾಡಿ ತಳಕ್ಕಿಳಿಯಲು ಬಿಡುವುದು, ಮಳೆಗಾಲದಲ್ಲಿ ಕಾಯಿಸಿ ಆರಿಸಿ ಕುಡಿಯುವುದು, ಇವೆಲ್ಲ ನಮ್ಮ ಹಿರಿಯರು ಅನುಭವದಿಂದ ಕಂಡುಕೊಂಡ ಕ್ರಮಗಳು. ಇಂದು ಅಡುಗೆಮನೆಯ ಕಟ್ಟೆಯ ಮೇಲೆ ಕುಳಿತ ನೀರಿನ ಶೋಧಕ, ಅಂದರೆ ಫಿಲ್ಟರ್, ಆ ಕೆಲಸವನ್ನು ವಹಿಸಿಕೊಂಡಿದೆ.

ಶೋಧಕವನ್ನು ಕೊಳ್ಳಲು ಹೊರಟವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ‘ಯಾವ ಕಂಪನಿಯದು ಒಳ್ಳೆಯದು?’ ಎಂಬುದು. ಆದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ. ‘ನಮ್ಮ ಮನೆಗೆ ಬರುವ ನೀರಿನಲ್ಲಿ ಏನಿದೆ?’ ಎಂಬುದೇ ಆ ಪ್ರಶ್ನೆ. ರೋಗವನ್ನರಿಯದೆ ಔಷಧ ಕೊಡುವ ವೈದ್ಯರಿಲ್ಲ. ನೀರಿನ ದೋಷವನ್ನರಿಯದೆ ಕೊಂಡ ಶೋಧಕವು ಎಷ್ಟೇ ಬೆಲೆಯದಾದರೂ ನಿರುಪಯುಕ್ತವಾಗಬಹುದು. ಅದಕ್ಕಿಂತ ಹೆಚ್ಚಿನ ಅಪಾಯವೆಂದರೆ, ‘ನಮ್ಮ ಮನೆಯಲ್ಲಿ ಫಿಲ್ಟರ್ ಇದೆ’ ಎಂಬ ಹುಸಿ ನೆಮ್ಮದಿಯಲ್ಲಿ ಮಕ್ಕಳ ಹಲ್ಲು ಮೂಳೆಗಳು ವರ್ಷಗಟ್ಟಲೆ ಕೆಡುತ್ತಿದ್ದರೂ ಮನೆಯವರಿಗೆ ತಿಳಿಯದೇ ಹೋಗುವುದು.

ಮೂರು ಬಗೆಯ ದೋಷಗಳು

ನೀರಿನ ದೋಷಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ತೇಲುವ ಕಲ್ಮಶ. ಮಣ್ಣು, ಮರಳು, ಪಾಚಿ, ತುಕ್ಕಿನ ಕಣ ಇವು ಈ ಗುಂಪಿನವು. ಇವು ಕಣ್ಣಿಗೆ ಕಾಣುತ್ತವೆ ಮತ್ತು ಸೋಸಿದರೆ ಹೋಗುತ್ತವೆ.

ಎರಡನೆಯದು ಜೀವಿಗಳಿಂದ ಬರುವ ದೋಷ. ಬ್ಯಾಕ್ಟೀರಿಯಾ, ವೈರಸ್, ಅಮೀಬಾದಂತಹ ಸೂಕ್ಷ್ಮಜೀವಿಗಳು ವಾಂತಿಭೇದಿ, ವಿಷಮಶೀತ ಜ್ವರ, ಕಾಮಾಲೆ, ಆಮಶಂಕೆಗಳಿಗೆ ಕಾರಣವಾಗುತ್ತವೆ. ಇವು ಕಣ್ಣಿಗೆ ಕಾಣವು. ಸ್ಫಟಿಕದಂತೆ ತಿಳಿಯಾದ ನೀರಿನಲ್ಲಿಯೂ ಇರಬಲ್ಲವು. ನೀರನ್ನು ಚೆನ್ನಾಗಿ ಕುದಿಸಿದರೆ ಇವು ಸಾಯುತ್ತವೆ. ಉಕ್ಕಿ ಮಗುಚುವಂತೆ ಒಂದು ನಿಮಿಷ ಕುದಿದರೆ ಸಾಕು.

ಮೂರನೆಯದು ಕರಗಿದ ದ್ರವ್ಯಗಳ ದೋಷ. ಕ್ಯಾಲ್ಸಿಯಂ, ಮೆಗ್ನೀಸಿಯಂ ಮೊದಲಾದ ಲವಣಗಳು ನೀರನ್ನು ಗಡಸಾಗಿಸುತ್ತವೆ. ಉಪ್ಪು ಸವಳಾಗಿಸುತ್ತದೆ. ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್‌ಗಳು ರುಚಿ, ಬಣ್ಣ, ವಾಸನೆಗಳ ಯಾವ ಸುಳಿವನ್ನೂ ಕೊಡದೆ ದೇಹವನ್ನು ಸೇರುತ್ತವೆ. ಈ ಮೂರನೆಯ ಬಗೆಯ ದೋಷವನ್ನು ಬಟ್ಟೆ ತಡೆಯದು, ಕ್ಯಾಂಡಲ್ ತಡೆಯದು. ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್‌ಗಳು ಕುದಿಸಿದರೂ ಹೋಗವು. ಕುದಿಸುವಾಗ ನೀರು ಆವಿಯಾಗಿ ಇಂಗುವುದರಿಂದ ಫ್ಲೋರೈಡಿನ ಸಾಂದ್ರತೆ ತುಸು ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ‘ನಾವು ಕಾಯಿಸಿಯೇ ಕುಡಿಯುತ್ತೇವೆ’ ಎಂಬ ಮಾತು ರೋಗಾಣುಗಳ ಮಟ್ಟಿಗೆ ಸತ್ಯ, ಫ್ಲೋರೈಡಿನ ಮಟ್ಟಿಗೆ ಅಲ್ಲ.

ಪರೀಕ್ಷೆಯೇ ಮೊದಲ ಹೆಜ್ಜೆ

ಕುಡಿಯುವ ನೀರು ಹೇಗಿರಬೇಕೆಂಬುದನ್ನು ಭಾರತೀಯ ಮಾನಕ ಸಂಸ್ಥೆಯ ಐ.ಎಸ್. 10500 ಎಂಬ ಮಾನದಂಡವು ಹೇಳುತ್ತದೆ. ಗೃಹಸ್ಥರು ನೆನಪಿಡಬೇಕಾದ ಕೆಲವು ಅಂಕಿಗಳಿವೆ. ಕರಗಿದ ಒಟ್ಟು ಲವಣ, ಅಂದರೆ ಟಿ.ಡಿ.ಎಸ್., ಲೀಟರಿಗೆ 500 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ. ಬೇರೆ ಜಲಮೂಲವಿಲ್ಲದಿದ್ದಲ್ಲಿ 2000ದವರೆಗೆ ಸಹ್ಯ. ಗಡಸುತನಕ್ಕೆ ಈ ಮಿತಿಗಳು 200 ಮತ್ತು 600 ಮಿಲಿಗ್ರಾಂ. ಫ್ಲೋರೈಡ್ 1 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ, 1.5 ಅದರ ಕೊನೆಯ ಗಡಿ. ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ಮಲಮೂಲದ ಇ-ಕೋಲಿ ಬ್ಯಾಕ್ಟೀರಿಯಾ 100 ಮಿಲಿಲೀಟರ್ ನೀರಿನಲ್ಲಿ ಒಂದೂ ಕಾಣಿಸಿಕೊಳ್ಳಬಾರದು.

ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಗಳಲ್ಲಿ ನೀರನ್ನು ಪರೀಕ್ಷಿಸಲಾಗುತ್ತದೆ. ಜಲಜೀವನ್ ಮಿಷನ್ ಅಡಿಯಲ್ಲಿ 2021ರಿಂದ ಇಂತಹ ಪ್ರಯೋಗಾಲಯಗಳನ್ನು ಅಲ್ಪ ಶುಲ್ಕಕ್ಕೆ ಸಾರ್ವಜನಿಕರಿಗೂ ತೆರೆಯಲಾಗಿದೆ. ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್‌ಗಳನ್ನೂ ಒದಗಿಸಲಾಗಿದೆ. ಅವುಗಳಿಂದ ನಿಖರ ಅಂಕಿ ಸಿಗದಿದ್ದರೂ ದೋಷವಿದೆಯೋ ಇಲ್ಲವೋ ಎಂಬ ಸೂಚನೆ ಸಿಗುತ್ತದೆ.

ಮಾದರಿ ತೆಗೆಯುವುದರಲ್ಲಿಯೂ ಎಚ್ಚರ ಬೇಕು. ಕೊಳವೆಬಾವಿಯ ನೀರಾದರೆ ಕೆಲವು ನಿಮಿಷ ಹರಿಯಬಿಟ್ಟು ಅನಂತರ ಹಿಡಿಯಬೇಕು. ರಾಸಾಯನಿಕ ಪರೀಕ್ಷೆಗೆ ಅದೇ ನೀರಿನಿಂದ ಎರಡು ಮೂರು ಬಾರಿ ಗಲಬರಿಸಿದ ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ ಸಾಕು. ರೋಗಾಣು ಪರೀಕ್ಷೆಗೆ ಪ್ರಯೋಗಾಲಯದವರೇ ಕೊಡುವ ಕ್ರಿಮಿಶುದ್ಧ ಬಾಟಲಿಯನ್ನು ಬಳಸಿ, ತಂಪಾಗಿಟ್ಟು, ಅದೇ ದಿನ ತಲುಪಿಸಬೇಕು. ಬೇಸಿಗೆಯ ಕೊನೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ಪರೀಕ್ಷಿಸುವುದು ಉತ್ತಮ. ಅಂತರ್ಜಲ ಇಳಿದಾಗ ಲವಣಗಳು ಹೆಚ್ಚಬಹುದು, ಮಳೆ ಬಿದ್ದಾಗ ರೋಗಾಣುಗಳು ಹೆಚ್ಚಬಹುದು.

ಪ್ರದರ್ಶನಕ್ಕೆ ಮರುಳಾಗಬೇಡಿ

ಮನೆಬಾಗಿಲಿಗೆ ಬರುವ ಕೆಲವು ಮಾರಾಟಗಾರರು ಒಂದು ಪ್ರದರ್ಶನ ನಡೆಸುತ್ತಾರೆ. ಎರಡು ಲೋಟಗಳಲ್ಲಿ ಒಂದಕ್ಕೆ ನಮ್ಮ ನಲ್ಲಿಯ ನೀರು, ಇನ್ನೊಂದಕ್ಕೆ ಅವರ ಯಂತ್ರದ ನೀರು. ಎರಡಕ್ಕೂ ಲೋಹದ ಕಡ್ಡಿಗಳನ್ನಿಳಿಸಿ ವಿದ್ಯುತ್ ಹರಿಸಿದೊಡನೆ ನಮ್ಮ ನೀರು ಕಂದು ಬಣ್ಣಕ್ಕೆ ತಿರುಗಿ ಕೊಳೆಯಂತೆ ಹೆಪ್ಪುಗಟ್ಟುತ್ತದೆ, ಅವರದು ತಿಳಿಯಾಗಿಯೇ ಉಳಿಯುತ್ತದೆ. ನೋಡಿದವರು ಗಾಬರಿಯಾಗುವುದು ಸಹಜ. ವಾಸ್ತವವಾಗಿ ಆ ಕೊಳೆ ನೀರಿನದಲ್ಲ, ಕಡ್ಡಿಯ ಕಬ್ಬಿಣದ್ದು. ಲವಣವಿರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಹರಿದಾಗ ಕಬ್ಬಿಣ ಕರಗಿ ತುಕ್ಕಾಗುತ್ತದೆ. ಲವಣ ತೆಗೆದ ನೀರಿನಲ್ಲಿ ವಿದ್ಯುತ್ ಸರಿಯಾಗಿ ಹರಿಯದು, ಆದ್ದರಿಂದ ತುಕ್ಕೂ ಕಾಣದು. ಅತ್ಯುತ್ತಮ ಒರತೆಯ ನೀರಿಗೆ ಕಡ್ಡಿಯಿಳಿಸಿದರೂ ಫಲಿತಾಂಶ ಇದೇ.

ಟಿ.ಡಿ.ಎಸ್. ಮೀಟರಿನ ವಿಷಯದಲ್ಲಿಯೂ ವಿವೇಚನೆ ಅಗತ್ಯ. ಅದು ಅಳೆಯುವುದು ನೀರಿನ ವಿದ್ಯುದ್ವಾಹಕತೆಯನ್ನು. ಅದರಿಂದ ಒಟ್ಟು ಲವಣದ ಅಂದಾಜು ದೊರೆಯುತ್ತದೆ, ಅಷ್ಟೇ. ರೋಗಾಣುಗಳನ್ನು ಅದು ಗುರುತಿಸದು. 400 ಎಂದು ತೋರಿಸುವ ನೀರಿನಲ್ಲಿ 3 ಮಿಲಿಗ್ರಾಂ ಫ್ಲೋರೈಡ್ ಅಡಗಿದ್ದರೂ ಮೀಟರಿಗೆ ಅದು ತಿಳಿಯದು. ಮೀಟರಿನ ಅಂಕಿ ಕಡಿಮೆಯಿದ್ದರೆ ನೀರು ಶುದ್ಧ, ಹೆಚ್ಚಿದ್ದರೆ ವಿಷ ಎಂಬ ತಿಳಿವಳಿಕೆ ಎರಡು ಕಡೆಯಿಂದಲೂ ತಪ್ಪು.

ಶೋಧಕಗಳ ಬಗೆಗಳು, ಅವುಗಳ ಇತಿಮಿತಿಗಳು

ಕ್ಯಾಂಡಲ್ ಫಿಲ್ಟರ್: ಒಂದರ ಮೇಲೊಂದು ಕುಳಿತ ಎರಡು ಸ್ಟೀಲ್ ಪಾತ್ರೆಗಳು, ನಡುವೆ ಪಿಂಗಾಣಿ ಮಣ್ಣಿನ ಕ್ಯಾಂಡಲ್. ವಿದ್ಯುತ್ ಬೇಡ, ನೀರು ವ್ಯರ್ಥವಾಗದು, ದೀರ್ಘ ಬಾಳಿಕೆ. ರಾಡಿಯನ್ನೂ ಅಮೀಬಾದಂತಹ ದೊಡ್ಡ ಜೀವಿಗಳನ್ನೂ ಹಲವು ಬ್ಯಾಕ್ಟೀರಿಯಾಗಳನ್ನೂ ತಡೆಯುತ್ತದೆ. ವೈರಸ್‌ಗಳನ್ನು ತಡೆಯಲಾರದು. ಆದ್ದರಿಂದ ಸೋಸಿದ ಮೇಲೆ ಕುದಿಸುವುದು ಕ್ಷೇಮ.

ಗುರುತ್ವ ಶೋಧಕ: ಮೇಲಿನ ತೊಟ್ಟಿಗೆ ನೀರು ಸುರಿದರೆ ತನ್ನ ಭಾರದಿಂದಲೇ ಹಲವು ಹಂತಗಳಲ್ಲಿ ಸೋಸಿ ಕೆಳಗಿಳಿಯುವ ಪ್ಲಾಸ್ಟಿಕ್ ಉಪಕರಣಗಳಿವು. ಕೆಲವುಗಳಲ್ಲಿ ಇದ್ದಿಲಿನ ಪುಡಿಯೂ ಕ್ಲೋರಿನ್ ಮಾತ್ರೆಯೂ ಇರುತ್ತವೆ. ಕೆಲವುಗಳಲ್ಲಿ ಯು.ಎಫ್. ಎಂದು ಕರೆಯುವ ಅತಿ ಸೂಕ್ಷ್ಮ ರಂಧ್ರಗಳ ಟೊಳ್ಳು ಎಳೆಗಳಿರುತ್ತವೆ. ವಿದ್ಯುತ್ತಿನ ಹಂಗಿಲ್ಲದೆ ರೋಗಾಣುಗಳ ನಿವಾರಣೆಯಲ್ಲಿ ಇವು ಕ್ಯಾಂಡಲ್‌ಗಿಂತ ಮೇಲು. ಕರಗಿದ ಲವಣಗಳ ಮೇಲೆ ಇವುಗಳ ಪ್ರಭಾವವಿಲ್ಲ.

ಯು.ವಿ. ಶೋಧಕ: ಅತಿನೇರಳೆ ಕಿರಣ ಸೂಸುವ ದೀಪದ ಮುಂದೆ ನೀರನ್ನು ಹರಿಸಿ ರೋಗಾಣುಗಳನ್ನು ನಿಷ್ಕ್ರಿಯಗೊಳಿಸುತ್ತದೆ. ನೀರು ತಿಳಿಯಾಗಿದ್ದರೆ ಮಾತ್ರ ಕಿರಣ ಒಳಹೊಕ್ಕು ಕೆಲಸ ಮಾಡೀತು. ರಾಡಿ ನೀರಿನಲ್ಲಿ ಮಣ್ಣಿನ ಕಣದ ನೆರಳೇ ರೋಗಾಣುವಿಗೆ ಆಶ್ರಯ. ಶುದ್ಧವಾದ ನೀರಿನಲ್ಲಿ ಮುಂದೆ ಕಾಯುವ ಶಕ್ತಿ ಏನೂ ಉಳಿಯುವುದಿಲ್ಲವಾದ್ದರಿಂದ ಕೊಳಕು ಪಾತ್ರೆಗೆ ತುಂಬಿದರೆ ಮತ್ತೆ ಕೆಡುತ್ತದೆ. ಇದೂ ಲವಣಗಳನ್ನು ತೆಗೆಯದು.

ಆರ್.ಓ. ಶೋಧಕ: ಪಂಪಿನ ಒತ್ತಡದಿಂದ ನೀರನ್ನು ಅತ್ಯಂತ ಬಿಗಿಯಾದ ಪೊರೆಯ ಮೂಲಕ ಹಾಯಿಸುತ್ತದೆ. ಗೋಡೆಗೆ ತೂಗುಹಾಕುವ ಬಗೆಯೂ ಕಟ್ಟೆಯ ಮೇಲಿಡುವ ಬಗೆಯೂ ಉಂಟು. ಮನೆಬಳಕೆಯ ಈ ಉಪಕರಣಗಳ ಪೈಕಿ ಉಪ್ಪು, ಗಡಸುತನ, ಫ್ಲೋರೈಡ್, ನೈಟ್ರೇಟ್‌ಗಳನ್ನು ಒಟ್ಟಾಗಿ ಗಣನೀಯ ಪ್ರಮಾಣದಲ್ಲಿ ತಗ್ಗಿಸುವುದು ಇದೊಂದೇ. ಇದಕ್ಕೆ ತೆರಬೇಕಾದ ಬೆಲೆಯೂ ದೊಡ್ಡದು. ಸಾಮಾನ್ಯ ಯಂತ್ರವು ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರ್ ನೀರನ್ನು ಹೊರಚೆಲ್ಲುತ್ತದೆ. ದಿನಕ್ಕೆ 25 ಲೀಟರ್ ಬಳಸುವ ಮನೆಯಲ್ಲಿ ಮೂರು ಪಟ್ಟಿನಂತೆ 75 ಲೀಟರ್, ವರ್ಷಕ್ಕೆ 27 ಸಾವಿರ ಲೀಟರಿಗೂ ಮಿಕ್ಕಿ ನೀರು ಚರಂಡಿಗೆ ಹೋಯಿತೆಂದೇ ಅರ್ಥ. ದೋಷದೊಂದಿಗೆ ದೇಹಕ್ಕೆ ಬೇಕಾದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳೂ ನೀರಿನಿಂದ ಹೊರಹೋಗುತ್ತವೆ.

ಯಾವ ನೀರಿಗೆ ಯಾವುದು?

ಬೆಂಗಳೂರು ಮೈಸೂರುಗಳ ಮನೆಗಳಿಗೆ ಬರುವ ಕಾವೇರಿಯಂತಹ ನದಿಯ ನೀರು ಸಾಮಾನ್ಯವಾಗಿ ಲವಣ ಕಡಿಮೆಯಿರುವ ನೀರು. ಅದಕ್ಕೆ ಯು.ವಿ. ಇಲ್ಲವೆ ಯು.ಎಫ್. ಶೋಧಕ ಸಾಕು. ಆರ್.ಓ. ಅಳವಡಿಸುವುದು ಒಳ್ಳೆಯ ನೀರನ್ನು ಚೆಲ್ಲಿದಂತೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2019ರಲ್ಲಿ, ಟಿ.ಡಿ.ಎಸ್. 500ಕ್ಕಿಂತ ಕಡಿಮೆಯಿರುವ ನೀರಿಗೆ ಆರ್.ಓ. ಬಳಕೆಯನ್ನು ನಿಷೇಧಿಸುವಂತೆ ಕೇಂದ್ರ ಪರಿಸರ ಸಚಿವಾಲಯಕ್ಕೆ ಸೂಚಿಸಿದ್ದರ ಹಿಂದೆ ಈ ನೀರಿನ ನಷ್ಟದ ಚಿಂತೆಯೇ ಇತ್ತು.

ಗದಗ, ಧಾರವಾಡ ಜಿಲ್ಲೆಗಳ ಕಪ್ಪು ಮಣ್ಣಿನ ಸೀಮೆಯಲ್ಲಿ ಅಂತರ್ಜಲ ಸವಳಾಗಿರುವುದರಿಂದ ಅನೇಕ ಊರುಗಳ ಜನ ಕೆರೆಯ ನೀರನ್ನೇ ಕುಡಿಯುತ್ತಾರೆ. ಕೆರೆಯ ನೀರು ರುಚಿಕರವಾದರೂ ರಾಡಿ ಮತ್ತು ರೋಗಾಣು ಎರಡೂ ಅದರಲ್ಲಿರುತ್ತವೆ. ಪಟಿಕದಿಂದ ತಿಳಿಗೊಳಿಸಿ, ಬಟ್ಟೆಯಲ್ಲಿ ಸೋಸಿ, ಅನಂತರ ಗುರುತ್ವ ಶೋಧಕಕ್ಕೆ ಹಾಕುವುದು ಅಥವಾ ಕುದಿಸುವುದು ಸೂಕ್ತ. ಮಲೆನಾಡಿನ ತೆರೆದ ಬಾವಿಗಳ ನೀರಿಗೂ ಮುಖ್ಯ ಭಯ ರೋಗಾಣುಗಳದ್ದೇ. ಅಲ್ಲಿಯೂ ಇದೇ ಕ್ರಮ ಸಾಕು.

ಬರಿಯ ಗಡಸು ನೀರು ರುಚಿಗೂ ಪಾತ್ರೆಗೂ ತೊಂದರೆ ಕೊಡುತ್ತದೆ, ಬೇಳೆ ಬೇಯಲು ತಡವಾಗುತ್ತದೆ. ಮಿತಿಯೊಳಗಿದ್ದರೆ ಆರೋಗ್ಯದ ಭಯಕ್ಕಾಗಿ ಆರ್.ಓ. ಬೇಕಿಲ್ಲ. ಮಿತಿಮೀರಿದ ಸವಳು, ಫ್ಲೋರೈಡ್, ನೈಟ್ರೇಟ್‌ಗಳಿದ್ದಲ್ಲಿ ಮಾತ್ರ ಆರ್.ಓ. ಅನಿವಾರ್ಯವಾಗುತ್ತದೆ. ತಿಪ್ಪೆಗುಂಡಿ, ಶೌಚದ ಗುಂಡಿಗಳಿಗೆ ಸಮೀಪವಿರುವ ಬಾವಿಗಳಲ್ಲಿ ನೈಟ್ರೇಟ್ ಹೆಚ್ಚಿರುವ ಸಂಭವವುಂಟು. ಅಂತಹ ನೀರಿನಲ್ಲಿ ಕಲಸಿದ ಪುಡಿಹಾಲು ಆರು ತಿಂಗಳೊಳಗಿನ ಶಿಶುವಿನ ಪ್ರಾಣಕ್ಕೇ ಅಪಾಯ ತಂದೀತು. ಊರಿನಲ್ಲಿ ಸುಸ್ಥಿತಿಯಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕವಿದ್ದರೆ ಮನೆಯಲ್ಲಿ ಇನ್ನೊಂದು ಆರ್.ಓ. ಬೇಕಾಗದು. ಅಲ್ಲಿಂದ ತರುವ ಕ್ಯಾನುಗಳನ್ನು ತಿಕ್ಕಿ ತೊಳೆಯುತ್ತಿದ್ದರೆ ಸಾಕು.

ಫ್ಲೋರೈಡ್ ಸೀಮೆಯ ಮನೆಗಳಿಗೆ ವಿಶೇಷ ಸೂಚನೆ

ಪಾವಗಡ, ಮುಂಡರಗಿ, ಬಾಗೇಪಲ್ಲಿ, ಕೊಪ್ಪಳ, ರಾಯಚೂರು, ಕೋಲಾರ, ಚಿತ್ರದುರ್ಗ ಭಾಗಗಳ ಅನೇಕ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಮಿತಿಮೀರಿರುವುದು ಬಹುಕಾಲದಿಂದ ತಿಳಿದ ಸಂಗತಿ. ಆಳದ ಗ್ರಾನೈಟ್ ಶಿಲೆಗಳಿಂದ ಅದು ನೀರಿಗೆ ಬರುತ್ತದೆ. ಮಕ್ಕಳ ಶಾಶ್ವತ ಹಲ್ಲುಗಳು ವಸಡಿನೊಳಗೆ ರೂಪುಗೊಳ್ಳುವ ಸುಮಾರು ಎಂಟು ವರ್ಷದವರೆಗಿನ ಅವಧಿಯಲ್ಲಿ ಇಂತಹ ನೀರು ಕುಡಿದರೆ ಹಲ್ಲಿನ ಮೇಲೆ ಹಳದಿ ಕಂದು ಗೆರೆಗಳು ಮೂಡುತ್ತವೆ. ತಿಕ್ಕಿದರೆ ಅವು ಹೋಗವು. ವರ್ಷಗಳುರುಳಿದಂತೆ ಕೀಲುನೋವು, ಬೆನ್ನು ಕುತ್ತಿಗೆಗಳ ಬಿಗಿತ, ಕೊನೆಗೆ ಮೂಳೆಗಳ ವಿಕಾರ. ಮೂಳೆಗೆ ತಗುಲಿದ ಈ ಹಾನಿಯನ್ನು ಹಿಂದಿರುಗಿಸುವ ಔಷಧವಿಲ್ಲ. ತಡೆಯುವುದೊಂದೇ ದಾರಿ.

ಈ ಸೀಮೆಯ ಮನೆಯವರು ಯು.ವಿ. ಅಥವಾ ಕ್ಯಾಂಡಲ್ ಫಿಲ್ಟರ್ ಕೊಂಡು ನಿಶ್ಚಿಂತರಾಗಬಾರದು. ಆರ್.ಓ. ಕೊಂಡವರೂ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಹಲವು ಯಂತ್ರಗಳಲ್ಲಿ ‘ಟಿ.ಡಿ.ಎಸ್. ಕಂಟ್ರೋಲರ್’ ಎಂಬ ಸಣ್ಣ ತಿರುಪು ಇರುತ್ತದೆ. ನೀರು ಸಪ್ಪೆಯಾಗದಿರಲೆಂದು ಪೊರೆಯನ್ನು ಹಾಯದ ನೀರನ್ನೂ ಸ್ವಲ್ಪ ಬೆರೆಸುವ ಏರ್ಪಾಡು ಅದು. ಕೊಳವೆಬಾವಿಯ ನೀರಿನಲ್ಲಿ 4 ಮಿಲಿಗ್ರಾಂ ಫ್ಲೋರೈಡಿದ್ದು, ಪೊರೆ ಅದನ್ನು 0.4ಕ್ಕೆ ಇಳಿಸಿತೆಂದುಕೊಳ್ಳೋಣ. ಎರಡು ಪಾಲು ಈ ಶುದ್ಧ ನೀರಿಗೆ ಒಂದು ಪಾಲು ಹಳೆಯ ನೀರು ಬೆರೆತರೆ ಫ್ಲೋರೈಡ್ 1.6 ಆಗುತ್ತದೆ. ಅಂದರೆ ಕೊನೆಯ ಗಡಿಯನ್ನೇ ದಾಟಿತು. ಆದ್ದರಿಂದ ಯಂತ್ರ ಕೂರಿಸುವವರಿಗೆ ಹೇಳಿ ಈ ತಿರುಪನ್ನು ಪೂರ್ಣ ಮುಚ್ಚಿಸಬೇಕು. ಯಂತ್ರ ಕೂರಿಸಿದ ಮೇಲೆ ಹೊರಬರುವ ನೀರನ್ನೂ ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕು. ವರ್ಷಕ್ಕೊಮ್ಮೆ ಈ ಪರೀಕ್ಷೆ ಪುನರಾವರ್ತನೆಯಾಗಲಿ.

ಕುಡಿಯಲು ಮಾತ್ರವಲ್ಲ, ಅನ್ನ, ಸಾರು, ಅಂಬಲಿ, ಚಹಾಗಳಿಗೂ ಶುದ್ಧ ನೀರನ್ನೇ ಬಳಸಬೇಕು. ಬೇಯುವ ಧಾನ್ಯ ನೀರನ್ನೂ ಅದರೊಳಗಿನ ಫ್ಲೋರೈಡನ್ನೂ ಹೀರುತ್ತದೆ. ಚಹಾ ಸೊಪ್ಪಿನಲ್ಲಿಯೇ ಫ್ಲೋರೈಡ್ ಇರುವುದರಿಂದ ಗಟ್ಟಿ ಚಹಾ ಮಿತವಾಗಿರಲಿ. ಹಾಲು, ಮಜ್ಜಿಗೆ, ರಾಗಿ, ಸೊಪ್ಪು, ನೆಲ್ಲಿಕಾಯಿಗಳು ಮಕ್ಕಳ ಆಹಾರದಲ್ಲಿರಲಿ. ಕ್ಯಾಲ್ಸಿಯಂ ಮತ್ತು ಸಿ ಜೀವಸತ್ವಗಳ ಕೊರತೆಯಿದ್ದಲ್ಲಿ ಫ್ಲೋರೈಡಿನ ಹಾವಳಿ ಹೆಚ್ಚು. ಮಾಳಿಗೆಯ ಮೇಲೆ ಬೀಳುವ ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಅಲ್ಪ. ಮೊದಲ ಮಳೆಯ ನೀರನ್ನು ಹೊರಹರಿಸಿ, ಆಮೇಲಿನದನ್ನು ಸೋಸಿ ಮುಚ್ಚಿದ ತೊಟ್ಟಿಯಲ್ಲಿ ಹಿಡಿದಿಟ್ಟರೆ ಕುದಿಸಿ ಕುಡಿಯಲು ಅದಕ್ಕಿಂತ ಒಳ್ಳೆಯ ನೀರಿಲ್ಲ. ಅಂತಹ ಮನೆಗೆ ಕ್ಯಾಂಡಲ್ ಫಿಲ್ಟರೇ ಸಾಕಾದೀತು.

ಕೊಳ್ಳುವಾಗ ಮತ್ತು ಬಳಸುವಾಗ

ಉಪಕರಣದ ಬೆಲೆಯೊಂದನ್ನೇ ನೋಡಬೇಡಿ. ಒಳಗಿನ ಬಿಡಿಭಾಗಗಳನ್ನು ಎಷ್ಟು ತಿಂಗಳಿಗೊಮ್ಮೆ ಬದಲಿಸಬೇಕು, ಅವು ನಿಮ್ಮ ತಾಲ್ಲೂಕಿನಲ್ಲಿ ದೊರೆಯುತ್ತವೆಯೇ, ವರ್ಷದ ಒಟ್ಟು ಖರ್ಚೆಷ್ಟು ಎಂಬುದನ್ನು ಮೊದಲೇ ಕೇಳಿರಿ. 1500 ಲೀಟರ್ ಸೋಸುವ ಕಾರ್ಟ್ರಿಜ್ ದಿನಕ್ಕೆ 10 ಲೀಟರಿನಂತೆ ಐದು ತಿಂಗಳು ಬಾಳುತ್ತದೆ. ಆ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿಡಿ. ಐ.ಎಸ್.ಐ. ಗುರುತಿದೆಯೇ ಎಂಬುದನ್ನೂ ಪರಿಶೀಲಿಸಿರಿ.

ಕ್ಯಾಂಡಲನ್ನು ನೀರು ಇಳಿಯುವುದು ನಿಧಾನವಾದಾಗ ಮೃದು ಬ್ರಷ್ಷಿನಿಂದ ಬರಿಯ ನೀರಿನಲ್ಲಿ ಉಜ್ಜಬೇಕು. ಸೋಪು ಹಾಕಬಾರದು. ಸೀಳು ಕಂಡರೆ ಅದು ಕೂದಲೆಳೆಯಷ್ಟಿದ್ದರೂ ಅಂದೇ ಬದಲಿಸಬೇಕು. ಅವಧಿ ಮುಗಿದ ಇದ್ದಿಲಿನ ಕಾರ್ಟ್ರಿಜ್ ಕಲ್ಮಶವನ್ನು ತಡೆಯುವ ಬದಲು ಬ್ಯಾಕ್ಟೀರಿಯಾಗಳ ಬೀಡಾಗುತ್ತದೆ. ಯು.ವಿ. ದೀಪ ಉರಿಯುತ್ತಿರುವಂತೆ ಕಂಡರೂ ವರ್ಷದ ಸುಮಾರಿಗೆ ಅದರ ಶಕ್ತಿ ಕುಂದುತ್ತದೆ. ಆರ್.ಓ. ಇರುವವರಿಗೆ ಟಿ.ಡಿ.ಎಸ್. ಮೀಟರ್ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲಿಯೇ. ಒಳಹೋಗುವ ಮತ್ತು ಹೊರಬರುವ ನೀರನ್ನು ತಿಂಗಳಿಗೊಮ್ಮೆ ಅಳೆದು ಬರೆದಿಡಿ. ಹೊರಬರುವ ನೀರಿನ ಅಂಕಿ ಏರುತ್ತಾ ಹೋದರೆ ಪೊರೆ ಹಳತಾಗುತ್ತಿದೆ ಎಂದು ತಿಳಿಯಿರಿ.

ಹೊಸ ಕಾರ್ಟ್ರಿಜ್ ಹಾಕಿದಾಗಲೂ ಕೆಲವು ದಿನ ಊರಿಗೆ ಹೋಗಿ ಬಂದಾಗಲೂ ಮೊದಲ ತೊಟ್ಟಿಯ ನೀರನ್ನು ಚೆಲ್ಲಿಬಿಡಿ. ಶೇಖರಣೆಯ ತೊಟ್ಟಿಯನ್ನೂ ಅದರ ನಲ್ಲಿಯ ಬಾಯನ್ನೂ ಆಗಾಗ ತೊಳೆಯಿರಿ. ಕೊಡಕ್ಕೆ ಕೈ ಅದ್ದಿ ಲೋಟ ತುಂಬುವ ಅಭ್ಯಾಸವಿದ್ದಲ್ಲಿ ಎಂತಹ ಯಂತ್ರವೂ ಸೋಲುತ್ತದೆ. ಉದ್ದ ಹಿಡಿಕೆಯ ಸೌಟು ಅಥವಾ ನಲ್ಲಿಯಿರುವ ಪಾತ್ರೆ ಬಳಸಿರಿ. ಆರ್.ಓ. ಹೊರಚೆಲ್ಲುವ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ ಸುರಿಯಲು ಬಳಸಬಹುದು. ಫ್ಲೋರೈಡ್ ಸೀಮೆಯಲ್ಲಿ ಅದನ್ನು ದನಕರುಗಳಿಗೆ ಕುಡಿಸಬಾರದು, ಕಾಯಿಪಲ್ಲೆಯ ಮಡಿಗಳಿಗೂ ಹರಿಸಬಾರದು.

ಒಟ್ಟಾರೆ, ಅಂಗಡಿಗೆ ಹೋಗುವ ಮೊದಲು ಪ್ರಯೋಗಾಲಯಕ್ಕೆ ಹೋಗಿರಿ. ನೀರಿನ ದೋಷ ಯಾವುದೆಂದು ತಿಳಿದ ಮೇಲೆ ಅದಕ್ಕೆ ತಕ್ಕ ಶೋಧಕವನ್ನು ಆರಿಸಿರಿ. ಆರಿಸಿದ್ದನ್ನು ಕ್ರಮ ತಪ್ಪದೆ ನೋಡಿಕೊಳ್ಳಿರಿ. ಒಂದು ಊರಿನ ಹತ್ತು ಮನೆಗಳವರು ಕೂಡಿ ತಮ್ಮ ಕೊಳವೆಬಾವಿಗಳ ನೀರನ್ನು ಪರೀಕ್ಷಿಸಿ, ಫಲಿತಾಂಶವನ್ನು ಪಂಚಾಯಿತಿಯ ಮುಂದಿಟ್ಟರೆ ಉಪಕಾರ ಆ ಹತ್ತು ಮನೆಗಳಿಗಷ್ಟೇ ನಿಲ್ಲದು, ಊರಿನ ಶಾಲೆಯ ಮಕ್ಕಳಿಗೂ ತಲುಪೀತು.